ಮನೆಯಿಂದ ಆಫೀಸ್ ಕಂಪ್ಯೂಟರ್: ವಿಪಿಎನ್ ಸಾಕಾ, ಬ್ರೌಸರ್ ಸಾಕಾ, ಆ್ಯಪ್ ಸಾಕಾ?

ಸಿಬ್ಬಂದಿ ಮನೆಯಲ್ಲಿ ಕೂತು ಆಫೀಸಿನ ತಮ್ಮ ಕಂಪ್ಯೂಟರ್ ಬಳಸಬೇಕು, ಬೇರೆಯವರು ಒಳಗೆ ನುಸುಳಬಾರದು. ಇದಕ್ಕಾಗಿ ಮೂರು ದಾರಿ ಹಾಕಿ ನೋಡಿದೆ: ವೈರ್‌ಗಾರ್ಡ್ ಅನ್ನುವ ವಿಪಿಎನ್ (ಇಂಟರ್‌ನೆಟ್ ಮೇಲೆ ಆಫೀಸಿಗೆ ಹಾಕುವ ಗುಪ್ತ ಸುರಂಗ, ಅಂದರೆ ಟನಲ್) ಮೂಲಕ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರನ್ನು ಇಲ್ಲಿಂದಲೇ ಬಳಸುವ ಸೌಲಭ್ಯ), ಬ್ರೌಸರ್‌ನಲ್ಲೇ ತೆರೆಯುವ ಅಪಾಚೆ ಗ್ವಾಕಮೋಲಿ, ಮತ್ತೆ ಟೀಮ್‌ವ್ಯೂವರ್, ಎನಿಡೆಸ್ಕ್ ಥರದ ಆ್ಯಪ್‌ಗಳು.

ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು (ನೆಟ್‌ವರ್ಕ್‌ನ ಬಾಗಿಲು) ರೌಟರ್‌ನಲ್ಲಿ ಇಂಟರ್‌ನೆಟ್‌ಗೆ ನೇರವಾಗಿ ತೆರೆದುಬಿಡುವ ದಾರಿಯನ್ನು ಪರೀಕ್ಷೆಗೂ ಸೇರಿಸಲಿಲ್ಲ. 2019ರಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ಬ್ಲೂಕೀಪ್ ದೋಷ ಹೊರಬಿದ್ದಾಗ ಪಾಸ್‌ವರ್ಡ್ ಇಲ್ಲದೆಯೇ ಹಳೆಯ ವಿಂಡೋಸ್ ಯಂತ್ರಗಳೊಳಗೆ ನುಗ್ಗಬಹುದಿತ್ತು. ಸಪೋರ್ಟ್ ನಿಲ್ಲಿಸಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಡಬೇಕಾಯಿತು. ಅಷ್ಟಾದ ಮೇಲೂ ಆ ಪೋರ್ಟ್ ತೆರೆದಿಡುವುದು ಬೇಡವೇ ಬೇಡ.

ವೈರ್‌ಗಾರ್ಡ್ ನನಗೆ ತುಂಬ ಹಿಡಿಸಿತು. ಸರಿಯಾದ ಕೀ (ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಸಂಕೇತ) ಇಲ್ಲದವರು ಎಷ್ಟೇ ತಟ್ಟಿದರೂ ಸರ್ವರ್ ಉತ್ತರವನ್ನೇ ಕೊಡುವುದಿಲ್ಲ. ಪೋರ್ಟ್ ಹುಡುಕುವವರಿಗೆ ಅಲ್ಲೊಂದು ಬಾಗಿಲಿದೆ ಅನ್ನುವುದೂ ತಿಳಿಯದು. ನೆಟ್ ಕಡಿದು ವೈಫೈನಿಂದ ಮೊಬೈಲ್ ಡೇಟಾಗೆ ಹೋದರೂ ಟನಲ್ ತಾನಾಗಿಯೇ ಮುಂದುವರಿಯುತ್ತದೆ. ಆದರೆ ಒಂದು ಕಡೆ ಜಾಸ್ತಿ ಗಮನ ಬೇಕು. ಸಿಬ್ಬಂದಿಯ ಲ್ಯಾಪ್‌ಟಾಪ್‌ನಲ್ಲಿರುವ ಕಾನ್ಫಿಗ್ ಫೈಲ್‌ನ ‘ಅಲೌಡ್ ಐಪೀಸ್’ ಸಾಲಿನಲ್ಲಿ (ಟನಲ್ ಮೂಲಕ ಯಾವ ವಿಳಾಸಗಳಿಗೆ ಹೋಗಬಹುದು ಅನ್ನುವ ಪಟ್ಟಿ) ಇಡೀ ಆಫೀಸಿನ ನೆಟ್‌ವರ್ಕ್ ಬರೆದುಬಿಟ್ಟರೆ, ವೈರಸ್ ಹತ್ತಿದ ಒಂದು ಲ್ಯಾಪ್‌ಟಾಪ್ ಎಲ್ಲರ ಯಂತ್ರಗಳನ್ನೂ ಮುಟ್ಟಬಹುದು. ಆ ಸಾಲಿನಲ್ಲಿ ಅವರವರ ಕಂಪ್ಯೂಟರಿನ ವಿಳಾಸ ಮಾತ್ರ, ಕೊನೆಗೆ /32 (ಅಂದರೆ ಇದೊಂದೇ ವಿಳಾಸ) ಹಾಕಿ ಬರೆದೆ. ಅದೂ ಸಾಲದು, ಯಾಕೆಂದರೆ ಆ ಫೈಲ್ ಇರುವುದು ಅವರ ಕೈಯಲ್ಲೇ, ತಿದ್ದಬಹುದು. ಹಾಗಾಗಿ ಸರ್ವರ್ ಕಡೆಯ ಫೈರ್‌ವಾಲ್‌ನಲ್ಲೂ (ಯಾರು ಎಲ್ಲಿಗೆ ಹೋಗಬಹುದು ಎಂದು ಕಾಯುವ ತಡೆ) ಅದೇ ನಿಯಮ ಹಾಕಿದೆ: ಈ ಕೀಯಿಂದ ಬಂದವರಿಗೆ ಈ ಒಂದೇ ಕಂಪ್ಯೂಟರ್, ಅದರಲ್ಲೂ 3389 ಮಾತ್ರ. ನಿಜವಾದ ಬೀಗ ಇದೇ.

ವೈರ್‌ಗಾರ್ಡ್‌ನಲ್ಲಿ ಒಟಿಪಿ ಕೇಳುವ ವ್ಯವಸ್ಥೆ ಇಲ್ಲ. ಲ್ಯಾಪ್‌ಟಾಪ್ ಕಳುವಾದರೆ ಕೀಯೂ ಹೋಯಿತು. 2021ರಲ್ಲಿ ಅಮೆರಿಕದ ಇಂಧನ ಸಾಗಿಸುವ ಕಂಪನಿ ಕಲೋನಿಯಲ್ ಪೈಪ್‌ಲೈನ್‌ಗೆ ದಾಳಿಕೋರರು ನುಗ್ಗಿದ್ದು ಎರಡನೇ ಹಂತದ ಪರಿಶೀಲನೆ ಇಲ್ಲದ ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೇ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ (ಕದ್ದವರಿಗೆ ಒಳಗಿನದು ಓದಲಾಗದ) ಆಫೀಸಿನ ಲ್ಯಾಪ್‌ಟಾಪ್‌ಗೆ ಮಾತ್ರ ಈ ಕೀ ಕೊಡುತ್ತೇನೆ.

ಸ್ವಂತ ಕಂಪ್ಯೂಟರ್ ಬಳಸುವವರಿಗೆ ಗ್ವಾಕಮೋಲಿಯೇ ಸರಿ. ಮನೆಯ ಯಂತ್ರಕ್ಕೆ ತಲುಪುವುದು ಆಫೀಸಿನ ಪರದೆಯ ಚಿತ್ರ ಅಷ್ಟೇ, ನೆಟ್‌ವರ್ಕ್ ಅಲ್ಲ. ಮನೆಯಲ್ಲಿ ಎಲ್ಲರೂ ಮುಟ್ಟುವ ಕಂಪ್ಯೂಟರ್ ಆದರೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಲ್ವಾ? ಲಾಗಿನ್‌ಗೆ ಒಟಿಪಿ ಸೇರಿಸಬಹುದು, ಕಾಪಿ ಪೇಸ್ಟ್ ನಿಲ್ಲಿಸಬಹುದು. ಲಾಗಿನ್ ಪುಟಕ್ಕೆ ಎಚ್‌ಟಿಟಿಪಿಎಸ್ (ಸಂಪರ್ಕವನ್ನು ಗುಪ್ತವಾಗಿಡುವ ವ್ಯವಸ್ಥೆ) ಹಾಕುವುದು ಮರೆಯಬಾರದು, ಅಪ್‌ಡೇಟ್ ತಪ್ಪಿಸಬಾರದು, ಯಾಕೆಂದರೆ ಈ ಲಾಗಿನ್ ಪುಟ ಎಲ್ಲರಿಗೂ ಕಾಣುತ್ತದೆ. ಕೆಲಸದಲ್ಲಿ ಮಾತ್ರ ಸ್ವಲ್ಪ ಕಿರಿಕಿರಿ. ಆಫೀಸಿನ ಪರದೆಯಲ್ಲಿ ಫೈಲ್ ಮುಚ್ಚೋಣ ಅಂತ ಕಂಟ್ರೋಲ್ ಡಬ್ಲ್ಯೂ ಒತ್ತಿದರೆ ಬ್ರೌಸರ್ ಟ್ಯಾಬೇ ಮುಚ್ಚಿಹೋಗುತ್ತದೆ. ದಿನವಿಡೀ ಎಕ್ಸೆಲ್‌ನಲ್ಲಿ ಇರುವವರಿಗೆ ವೈರ್‌ಗಾರ್ಡ್ ಹಾದಿಯೇ ಹಗುರ.

ರೆಡಿ ಆ್ಯಪ್‌ಗಳು ಹಾಕಲು ಬಲು ಸುಲಭ. ಆದರೆ ಒಳಬರುವ ದಾರಿ ಇನ್ನೊಂದು ಕಂಪನಿಯ ಸರ್ವರ್ ಮೇಲೆ ನಿಂತಿರುತ್ತದೆ. 2024ರಲ್ಲಿ ಎನಿಡೆಸ್ಕ್ ತನ್ನ ವ್ಯವಸ್ಥೆಗೇ ಕನ್ನ ಬಿದ್ದಿದ್ದನ್ನು ತಾನೇ ತಿಳಿಸಿತು. ಯಾರಿಗಾದರೂ ತೊಂದರೆಯಾದಾಗ ಅವರ ಪರದೆ ನೋಡಿ ಸರಿಮಾಡಲು ನಾನೂ ಇವನ್ನು ಬಳಸುತ್ತೇನೆ. ಯಾರೂ ಎದುರಿಗಿಲ್ಲದ ಆಫೀಸ್ ಯಂತ್ರದಲ್ಲಿ ಒಂದೇ ಪಾಸ್‌ವರ್ಡ್ ಇಟ್ಟು ಸುಮ್ನೆ ಓಡಿಸಿಡಲು ಮನಸ್ಸು ಒಪ್ಪುವುದಿಲ್ಲ.

ವೈರ್‌ಗಾರ್ಡ್ ದಾರಿಗೂ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಗ್ವಾಕಮೋಲಿ ಬಳಸುವ ದಾರಿಗೂ ಆಫೀಸಿನ ಯಂತ್ರದಲ್ಲಿ ವಿಂಡೋಸ್ ಪ್ರೊ ಬೇಕು, ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪ್‌ಗೆ ಬಾಗಿಲು ತೆರೆಯುವುದಿಲ್ಲ. ಸ್ಲೀಪ್ ಆಗದ ಹಾಗೆ ಸೆಟ್ಟಿಂಗ್ ಕೂಡ ಬದಲಿಸಿ. ಇಲ್ಲದಿದ್ದರೆ ಯಂತ್ರ ಎಬ್ಬಿಸಲು ಯಾರಾದರೂ ಆಫೀಸಿಗೇ ಹೋಗಬೇಕಾದೀತು.