ಕವಾಯಿ ಜಿಪ್‌ಲೈನ್‌ಗೆ ಹಳೇ ರನ್ನಿಂಗ್ ಶೂನಾ, ಟ್ರೆಕ್ಕಿಂಗ್ ಶೂನಾ?

ಹವಾಯಿಯ ಕವಾಯಿ ದ್ವೀಪಕ್ಕೆ ಹೋಗ್ತಿದೀನಿ, ಜಿಪ್‌ಲೈನ್‌ಗೆ (ತಂತಿಗೆ ನೇತಾಡ್ಕೊಂಡು ಜಾರೋ ಆಟ) ಯಾವ ಶೂ ಅಂತ ಕೇಳಿದ್ರಲ್ಲ, ಬರೀ ಚಪ್ಪಲೀಲಿ ಹೋದ್ರೆ ಸಾಮಾನ್ಯವಾಗಿ ಬಿಡಲ್ಲ, ಬೆರಳು ಮುಚ್ಚಿರ್ಬೇಕು. ಖರ್ಚು ಬೇಡ ಅಂದ್ರೆ ಮನೇಲಿರೋ ಹಳೇ ರನ್ನಿಂಗ್ ಶೂನೇ ಸಾಕು, ಹಗುರ, ಬೇಗ ಒಣಗತ್ತೆ, ಆದ್ರೆ ತಿರುಗಿಸಿ ಅಡಿ ನೋಡ್ಕೊಳಿ, ಸವೆದಿದ್ರೆ ಕೆಸರಲ್ಲಿ ಜಾರೋದು ಗ್ಯಾರಂಟಿ. ಒಂದು ಲೈನಿಂದ ಇನ್ನೊಂದಕ್ಕೆ ಕಾಡಲ್ಲಿ ನಡೆಯೋದು ಜಾಸ್ತಿ ಇದ್ರೆ, ಅದೂ ನವೆಂಬರಿಂದ ಮಾರ್ಚ್ ಒಳಗಿನ ಮಳೇಲಿ ಹೋಗೋದಾದ್ರೆ, ಟ್ರೆಕ್ಕಿಂಗ್ ಶೂನೇ ವಾಸಿ, ಹಿಡಿತ ಚೆನ್ನಾಗಿರತ್ತೆ. ಆದ್ರೆ ಒಳಗೆ ನೀರು ಹೋಯ್ತೋ ಮಾರನೇ ದಿನಾನೂ ಪಚಪಚ, ಲಗೇಜಲ್ಲಿ ಭಾರ ಬೇರೆ.

ಎರಡರಲ್ಲಿ ಯಾವುದಾದ್ರೂ ಸರಿ, ಬಿಳೀದು ಮಾತ್ರ ಬೇಡ. ಅಲ್ಲಿನ ಕೆಂಪು ಮಣ್ಣಿನ ಕಲೆ ಹೋಗೋದೇ ಇಲ್ಲ, ಆ ಮಣ್ಣಲ್ಲೇ ಬಣ್ಣ ಹಾಕಿ ಟೀಶರ್ಟ್ ಮಾರ್ತಾರೆ ಮಾರಾಯ್ರೇ!