ಪಿಯುಸಿ ಮಕ್ಕಳಿಗೆ ವಿಐಎ ಯೂತ್ ಸರ್ವೆ: ಮಾಡಿಸಿ, ಆದರೆ ಮಾರ್ಕ್ಸ್ ಕಾರ್ಡ್ ಥರ ಓದಬೇಡಿ

ವಿಜಯಪುರದ ಹಾಸ್ಟೆಲ್‌ಗಳಲ್ಲಿ ಓದುವ ಮಕ್ಕಳಿಗೆ ತಾವು ಯಾವ ಚಾಪ್ಟರ್‌ನಲ್ಲಿ ಎಷ್ಟು ಹಿಂದಿದ್ದೇವೆ ಅನ್ನೋದು ಬಾಯಿಪಾಠ. ನಿನ್ನಲ್ಲಿ ಚಲೋ ಏನದ ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕಲು ವಿಐಎ (ವ್ಯಾಲ್ಯೂಸ್ ಇನ್ ಆಕ್ಷನ್) ಯೂತ್ ಸರ್ವೆ, ಅಂದರೆ ಮಕ್ಕಳು ತಮ್ಮ ಒಳ್ಳೆಯ ಗುಣಗಳನ್ನು ಗುರುತಿಸಿಕೊಳ್ಳುವ ಪ್ರಶ್ನಾವಳಿ, ಒಳ್ಳೆಯ ಸಾಧನ. ಮನೋವಿಜ್ಞಾನಿಗಳಾದ ಪೀಟರ್ಸನ್ ಮತ್ತು ಸೆಲಿಗ್ಮನ್ 2004ರಲ್ಲಿ ಪ್ರಕಟಿಸಿದ 24 ಗುಣಗಳ ವರ್ಗೀಕರಣ ಇದಕ್ಕೆ ಆಧಾರ: ಕುತೂಹಲ, ದಯೆ, ಪ್ರಾಮಾಣಿಕತೆ, ಸ್ವನಿಯಂತ್ರಣ, ಕೃತಜ್ಞತೆ ಹೀಗೆ.

ಆನ್‌ಲೈನ್‌ನಲ್ಲಿ ಉಚಿತ. ಇಮೇಲ್ ಕೊಟ್ಟು ನೋಂದಾಯಿಸಬೇಕು. 96 ವಾಕ್ಯಗಳಿವೆ, ಪ್ರತಿಯೊಂದೂ ತನಗೆ ಎಷ್ಟು ಹೊಂದುತ್ತದೆ ಎಂದು ಗುರುತು ಹಾಕಿದರೆ 24 ಗುಣಗಳ ಕ್ರಮಪಟ್ಟಿ ಬರುತ್ತದೆ. ಹಣ ಕೊಟ್ಟು ಕೊಳ್ಳುವ ವಿವರವಾದ ವರದಿಯೂ ಇದೆ, ಕಾಲೇಜಿನ ಕೆಲಸಕ್ಕೆ ಅದು ಬೇಕಿಲ್ಲ. ಈ ಆವೃತ್ತಿ 17 ವರ್ಷದವರೆಗೆ ಮಾತ್ರ. ದ್ವಿತೀಯ ಪಿಯುಸಿಯಲ್ಲಿ 18 ತುಂಬಿದವರಿಗೆ ವಯಸ್ಕರ ಸರ್ವೆ ಕೊಡಿ.

ಇಂಗ್ಲಿಷಿನಲ್ಲಿ ಮಾಡಿಸುವಾಗ ಕನ್ನಡ ಮಾಧ್ಯಮದಿಂದ ಬಂದವರು ಅರ್ಥವಾಗದ ವಾಕ್ಯಕ್ಕೆ ನಡುವಿನ ಉತ್ತರ ಒತ್ತಿ ಮುಂದೆ ಹೋಗುತ್ತಾರೆ, ಪಟ್ಟಿ ಹಾಳಾಗುತ್ತದೆ. 40 ನಿಮಿಷದ ಒಂದು ಪೂರ್ತಿ ಪೀರಿಯಡ್ ಇಡಿ. ಶಿಕ್ಷಕರು ವಾಕ್ಯದ ಅರ್ಥವನ್ನಷ್ಟೇ ಕನ್ನಡದಲ್ಲಿ ಹೇಳಲಿ, ಉತ್ತರದ ಸುಳಿವು ಬೇಡ. ಪಾಲಕರು ಪಕ್ಕದಲ್ಲಿ ಕೂತು ಮಾಡಿಸುವುದು ಬೇಡವೇ ಬೇಡ. ಅವರ ಎದುರಿಗೆ ಯಾವ ಮಗುವೂ "ನಾನು ಹೇಳಿದ ಮಾತು ಉಳಿಸಿಕೊಳ್ಳುವುದಿಲ್ಲ" ಎಂದು ಒಪ್ಪಿಕೊಳ್ಳುವುದಿಲ್ಲ.

ದೊಡ್ಡ ತಪ್ಪು ಆಗುವುದು ಪಟ್ಟಿ ಕೈಗೆ ಬಂದ ಮೇಲೆ. 24ನೇ ಸ್ಥಾನದ ಗುಣವನ್ನು ಮಕ್ಕಳು ತಮ್ಮ ದೋಷ ಎಂದು ಓದುತ್ತಾರೆ. ಆ ಕ್ರಮ ಒಬ್ಬರೊಳಗಿನ ಗುಣಗಳದ್ದು. ಒಬ್ಬಳ ಪಟ್ಟಿಯಲ್ಲಿ ದಯೆ ಮೂರನೆಯದು, ಇನ್ನೊಬ್ಬಳದರಲ್ಲಿ ಹತ್ತನೆಯದು ಎಂದ ಮಾತ್ರಕ್ಕೆ ಮೊದಲನೆಯವಳು ಹೆಚ್ಚು ದಯಾವಂತಳು ಎಂದಾಗುವುದಿಲ್ಲ. ಹಾಗಾಗಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಬೇಡಿ. ಸೈನ್ಸೋ ಕಾಮರ್ಸೋ ಎಂದು ನಿರ್ಧರಿಸಲು ಇದನ್ನು ಬಳಸುವುದೂ ತಪ್ಪು. ಈ ಸರ್ವೆ ಅದಕ್ಕಾಗಿ ಮಾಡಿದ್ದಲ್ಲ.

ಸರ್ವೆಯ ನಿಜವಾದ ಉಪಯೋಗ ಮುಂದಿನ ಒಂದು ವಾರದಲ್ಲಿದೆ. ಮೊದಲ ಐದರಲ್ಲಿ "ಇದು ನಾನೇ" ಅನ್ನಿಸುವ ಒಂದನ್ನು ಮಗು ತಾನೇ ಆರಿಸಲಿ, ಏಳು ದಿನ ದಿನಕ್ಕೊಂದು ಹೊಸ ರೀತಿಯಲ್ಲಿ ಬಳಸಲಿ. ಸೆಲಿಗ್ಮನ್ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲಿ ವಯಸ್ಕರು ಮಾಡಿದ್ದು ಇದೇ ಅಭ್ಯಾಸ. ಅದರ ಫಲ ಆರು ತಿಂಗಳವರೆಗೂ ಕಂಡಿತ್ತು. "ದಯೆಯಿಂದಿರು" ಎಂದರೆ ಸಾಲದು, ಕೆಲಸ ಸಣ್ಣದಾಗಿ, ಖಚಿತವಾಗಿ ಇರಬೇಕು. ದಯೆ ಆರಿಸಿದವರು ಹಾಸ್ಟೆಲ್‌ಗೆ ಹೊಸದಾಗಿ ಬಂದವರ ಜೊತೆ ಕೂತು ಊಟ ಮಾಡಬಹುದು. ಕುತೂಹಲದವರು ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ದನಿ ಗೋಡೆಗುಂಟ ಹೇಗೆ ಸಾಗುತ್ತದೆ ಎಂದು ಭೌತಶಾಸ್ತ್ರದ ಪುಸ್ತಕದಲ್ಲಿ ಹುಡುಕಲಿ. ಸೌಂದರ್ಯ ಮೆಚ್ಚುವ ಗುಣದವರು ಇಬ್ರಾಹಿಂ ರೋಜಾದ ಒಂದೇ ಒಂದು ಕೆತ್ತನೆಯನ್ನು ಹತ್ತು ನಿಮಿಷ, ಮೊಬೈಲ್ ತೆಗೆಯದೆ, ನೋಡಲಿ. ರಾತ್ರಿ ಎರಡು ಸಾಲು ಬರೆದರೆ ಸಾಕು: ಏನು ಮಾಡಿದೆ, ಮನಸ್ಸಿಗೆ ಏನನ್ನಿಸಿತು. ಬರೆದಿದ್ದಕ್ಕೆ ಅಂಕ ಕೊಟ್ಟರೆ ಮರುದಿನದಿಂದ ಸುಳ್ಳು ಬರವಣಿಗೆ ಶುರುವಾಗುತ್ತದೆ.

ಗುಣ ಅತಿಯಾದರೂ ತೊಂದರೆಯೇ. ಪ್ರಾಮಾಣಿಕತೆಯ ಹೆಸರಲ್ಲಿ ಗೆಳತಿಯ ಮನಸ್ಸು ನೋಯಿಸುವುದು, ಬಿಡದೆ ದುಡಿಯುವ ಹಟದಲ್ಲಿ ರಾತ್ರಿ ನಿದ್ದೆಗೆಡುವುದು ಪಿಯುಸಿ ವಯಸ್ಸಿನಲ್ಲಿ ಸಾಮಾನ್ಯ. ಮಾತುಕತೆಯಲ್ಲಿ ಇದಕ್ಕೂ ಜಾಗ ಇರಲಿ.

ಇದು ರೋಗ ಪತ್ತೆಹಚ್ಚುವ ಪರೀಕ್ಷೆಯಲ್ಲ, ಖಿನ್ನತೆಗೆ ಚಿಕಿತ್ಸೆಯೂ ಅಲ್ಲ. ಎರಡು ವಾರದಿಂದ ಬೇಸರ ಬಿಡದಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ "ಪಾಸಿಟಿವ್ ಆಗಿ ಯೋಚಿಸು" ಎನ್ನುವುದು ಮಗುವನ್ನು ಇನ್ನಷ್ಟು ಒಂಟಿಯಾಗಿಸುತ್ತದೆ. ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸರ್ವೆ ಶುರು ಮಾಡುವ ಮೊದಲೇ ಈ ನಂಬರನ್ನು ಬೋರ್ಡಿನ ಮೇಲೆ ಬರೆದು, ವಾರವಿಡೀ ಅಳಿಸದೆ ಬಿಡಿ.