ಚಿನ್ನಿಯ ಶುಗರ್ ನೋಡಲು ನಾಲ್ಕು ದಾರಿ

ನಮ್ಮ ಚಿನ್ನಿಗೆ ಒಂಬತ್ತು ವರ್ಷ. ಲ್ಯಾಬ್ರಡಾರ್, 24 ಕೆಜಿ. ಮನೆ ಇರೋದು ಮಡಿಕೇರಿಯಿಂದ ನಾಪೋಕ್ಲು ಕಡೆ ಹೋಗುವ ದಾರಿಯಲ್ಲಿ, ಸುತ್ತ ಕಾಫಿ ತೋಟ. ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಬಕೆಟ್‌ಗಟ್ಟಲೆ ನೀರು ಕುಡಿಯತೊಡಗಿದಳು. ರಾತ್ರಿ ಮೂರು ಸಲ ಬಾಗಿಲು ಕೆರೆಯುವಳು. ಡಾಕ್ಟರ್ ನೋಡಿದಾಗ ಶುಗರ್ 438. ಅವಳಿಗೆ ಗರ್ಭಕೋಶದ ಆಪರೇಷನ್ ಮಾಡಿಸಿರಲಿಲ್ಲ. ಬೆದೆ ಮುಗಿದ ಮೇಲೆ ಏರುವ ಹಾರ್ಮೋನು ಇನ್ಸುಲಿನ್‌ಗೆ ಅಡ್ಡ ಬರುತ್ತದೆ ಎಂದು ಆಗಲೇ ಗೊತ್ತಾಗಿದ್ದು. ಆಪರೇಷನ್ ಆಯಿತು, ದಿನಕ್ಕೆರಡು ಹೊತ್ತು ಇನ್ಸುಲಿನ್ನೂ ಶುರುವಾಯಿತು.

ಸೂಜಿ ಚುಚ್ಚೋದು ನಾಲ್ಕೇ ದಿನಕ್ಕೆ ರೂಢಿಯಾಯಿತು. (ಒಂದು ಮಿಲಿಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿಗೆ 40ರ ಸಿರಿಂಜೇ ಬೇಕು, ಕೆಂಪು ಮುಚ್ಚಳದ್ದು. ಇಲ್ಲಿ ತಪ್ಪಿದರೆ ಡೋಸೇ ಬೇರೆ ಆಗುತ್ತದೆ.) ತಲೆನೋವು ಕೊಟ್ಟಿದ್ದು ಮನೆಯಲ್ಲಿ ಶುಗರ್ ನೋಡುವ ಕೆಲಸ.

ಮೊದಲು ಹಿಡಿದದ್ದು ಮೂತ್ರದ ಸ್ಟ್ರಿಪ್, ಅಗ್ಗ ಅಂತ. ಉದ್ದ ಕೋಲಿಗೆ ಹಳೇ ಸೌಟು ಕಟ್ಟಿಕೊಂಡು ಅವಳ ಹಿಂದೆ ತೋಟ ಸುತ್ತೋದು. ಜುಲೈ ಮಳೆಯಲ್ಲಿ ಸೌಟಿನಲ್ಲಿ ಮೂತ್ರಕ್ಕಿಂತ ಮಳೆನೀರೇ ಜಾಸ್ತಿ. ಅದು ಬಿಡಿ, ನಾಯಿಯ ರಕ್ತದಲ್ಲಿ ಶುಗರ್ 180-200 ದಾಟಿದ ಮೇಲಷ್ಟೇ ಮೂತ್ರಕ್ಕೆ ಇಳಿಯುತ್ತದೆ. ಶುಗರ್ 150 ಇದ್ದರೂ, ಪ್ರಾಣಕ್ಕೇ ಕುತ್ತಾಗುವ 45 ಇದ್ದರೂ ಸ್ಟ್ರಿಪ್ ಬಣ್ಣ ಒಂದೇ. ಇದನ್ನು ನಂಬಿ ಡೋಸ್ ಬದಲಿಸಬಾರದು. ಈಗ ಊಟ ಬಿಟ್ಟ ದಿನ, ವಾಂತಿಯಾದ ದಿನ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸುವಾಗ ಹುಟ್ಟುವ, ಹೆಚ್ಚಾದರೆ ಅಪಾಯ ತರುವ ವಸ್ತು) ನೋಡೋಕೆ ಮಾತ್ರ ಇಟ್ಟುಕೊಂಡಿದ್ದೇನೆ. ಆ ಕೆಲಸಕ್ಕೆ ಒಳ್ಳೆಯದು.

ಎರಡನೆಯದು ಅಮ್ಮನ ಗ್ಲೂಕೋಮೀಟರ್. ಅಮ್ಮನಿಗೂ ಶುಗರ್ ಇದೆ. ಸ್ಟ್ರಿಪ್‌ಗೆ ಇಪ್ಪತ್ತು ರೂಪಾಯಿ ಆಸುಪಾಸು, ಯಾವ ಮೆಡಿಕಲ್‌ನಲ್ಲೂ ಸಿಗುತ್ತದೆ. "ನನ್ನ ಸ್ಟ್ರಿಪ್ಪೆಲ್ಲ ನಾಯಿಗೇ ಖಾಲಿ ಮಾಡ್ತಿದ್ದೀಯಲ್ಲೋ" ಎಂದು ಅಮ್ಮ ಬೈದದ್ದು ಬೇರೆ ಮಾತು.

ರಕ್ತ ತೆಗೆಯೋದು ಕಿವಿಯ ಅಂಚಿನಿಂದ. ಚಳಿಗೆ ಕಿವಿ ತಣ್ಣಗಿದ್ದರೆ ಒಂದು ಹನಿಯೂ ಬರಲ್ಲ. ತೋಟದ ಜಿಗಣೆಗೆ ಸಲೀಸಾಗಿ ಸಿಗುವ ರಕ್ತ ನನಗೆ ಮಾತ್ರ ಸಿಗಲಿಲ್ಲ! ಆಮೇಲೆ ಗೊತ್ತಾಯಿತು: ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಕಿವಿಯನ್ನು ಒಂದು ನಿಮಿಷ ಹಿಡಿಯಬೇಕು, ಚೆನ್ನಾಗಿ ಒರೆಸಬೇಕು, ಚೂರೇ ಚೂರು ವ್ಯಾಸಲೀನ್ ಸವರಬೇಕು. ಆಗ ರಕ್ತ ಕೂದಲಿಗೆ ಹರಡದೆ ಮಣಿಯ ಹಾಗೆ ನಿಲ್ಲುತ್ತದೆ. ಚುಚ್ಚಿದ ಮೇಲೆ ಹತ್ತಿ ಒತ್ತಿ ಹಿಡಿದು, ಒಂದು ತುಂಡು ಬೇಯಿಸಿದ ಕೋಳಿ. ಈಗ ಮೀಟರ್ ಡಬ್ಬಿ ಸದ್ದಾದರೆ ಸಾಕು, ತಾನೇ ಬಂದು ಕೂರುತ್ತಾಳೆ.

ಆದರೆ ಮನುಷ್ಯರ ಮೀಟರ್ ನಾಯಿ ರಕ್ತಕ್ಕೆ ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ನಮ್ಮ ರಕ್ತದ ಶುಗರ್‌ನಲ್ಲಿ ಸುಮಾರು ಶೇ 42 ಕೆಂಪು ಕಣಗಳ ಒಳಗಿದ್ದರೆ, ನಾಯಿಯಲ್ಲಿ ಅದು ಶೇ 12ರಷ್ಟೇ. ಮೀಟರಿನ ಲೆಕ್ಕ ನಮಗಾಗಿ ಕೂಡಿಸಿದ್ದು. ಒಂದು ಬೆಳಿಗ್ಗೆ 58 ತೋರಿಸಿತು. ಗಾಬರಿಯಾಗಿ ಅವಳ ಒಸಡಿಗೆ ಜೇನು ಸವರಿದೆ. ನೋಡಿದರೆ ಬಾಲ ಅಲ್ಲಾಡಿಸಿಕೊಂಡು ಆರಾಮಾಗಿದ್ದಳು.

ಮಾರನೇ ವಾರ ಪ್ರಾಣಿಗಳಿಗೆಂದೇ ಇರುವ ಮೀಟರ್ ತರಿಸಿದೆ, ಆಲ್ಫಾಟ್ರಾಕ್. ಇದರಲ್ಲಿ ನಾಯಿಗೂ ಬೆಕ್ಕಿಗೂ ಬೇರೆ ಬೇರೆ ಸೆಟ್ಟಿಂಗ್. ಒಂದೇ ಹನಿಯನ್ನು ಎರಡರಲ್ಲೂ ನೋಡಿ ಪುಸ್ತಕದಲ್ಲಿ ಬರೆದಿಟ್ಟೆ: ಅಮ್ಮನದ್ದರಲ್ಲಿ 61, ಇದರಲ್ಲಿ 87. ಇನ್ನೊಂದು ದಿನ 212, 259. ಹುತ್ತರಿ ಹಬ್ಬದ ಮರುದಿನ ಪಕ್ಕದ ಮನೆಯಿಂದ ಬಂದ ತಂಬುಟ್ಟನ್ನು ಕದ್ದು ತಿಂದಿದ್ದಳು, ಬಾಳೆಹಣ್ಣಿನದ್ದು ಬೇರೆ. ಅವತ್ತು 330, 402. ವ್ಯತ್ಯಾಸ ಪ್ರತಿ ಸಲ ಇಷ್ಟೇ ಅಂತಿಲ್ಲ, ಹಾಗಾಗಿ ಸುಮ್ನೆ ಮೂವತ್ತು ಕೂಡಿಸಿ ನೋಡೋಣ ಅನ್ನೋ ಹಾಗಿಲ್ಲ. ಇದರ ಸ್ಟ್ರಿಪ್‌ಗೆ ನನಗೆ ಮೂರ್ನಾಲ್ಕು ಪಟ್ಟು ಹೆಚ್ಚು ಖರ್ಚಾಯಿತು, ಮಡಿಕೇರಿಯಲ್ಲಿ ಸಿಗಲೂ ಇಲ್ಲ. ಎರಡು ಮೀಟರಿಗೂ ನಮ್ಮ ತೇವ ಆಗಿಬರಲ್ಲ. ಸ್ಟ್ರಿಪ್ ತೆಗೆದ ಕೂಡಲೇ ಡಬ್ಬಿ ಮುಚ್ಚಬೇಕು. ಜನವರಿ ಬೆಳಿಗ್ಗೆ ಜಗಲಿಯಲ್ಲಿ ಎರರ್ ಬಂದರೆ ಮೀಟರನ್ನು ಸ್ವೆಟರ್ ಒಳಗೆ ಇಟ್ಟು ಬೆಚ್ಚಗೆ ಮಾಡಿಕೊಳ್ಳುತ್ತೇನೆ.

ಕೊನೆಯದು ಚರ್ಮಕ್ಕೆ ಅಂಟಿಸುವ ಸೆನ್ಸರ್. ಇದೂ ಮನುಷ್ಯರದ್ದೇ, 14 ದಿನದ್ದು, ನನಗೆ ಐದು ಸಾವಿರದ ಹತ್ತಿರ ಆಯಿತು. ಡಾಕ್ಟರೇ ಹೆಗಲ ಹತ್ತಿರ ಕೂದಲು ಬೋಳಿಸಿ ಅಂಟಿಸಿದರು, ಮೇಲೆ ನನ್ನ ಮಗನ ಹಳೇ ಟೀಶರ್ಟು. ಎಂಟು ಗಂಟೆಯೊಳಗೆ ಒಂದು ಸಲ ಫೋನ್ ತಾಗಿಸಿದರೆ ನಡುವಿನ ಏರಿಳಿತವೆಲ್ಲ ಗೆರೆಯಾಗಿ ಬರುತ್ತದೆ. ಡೋಸ್ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡಲು ಎರಡು ಗಂಟೆಗೊಮ್ಮೆಯಂತೆ ಹನ್ನೆರಡು ಗಂಟೆ ಕಿವಿ ಚುಚ್ಚೋದು ತಪ್ಪಿತಲ್ಲ, ಅದೇ ದೊಡ್ಡ ಸಮಾಧಾನ.

ಮೊದಲ ರಾತ್ರಿಯೇ 52. ಎದ್ದು ಕಿವಿ ಚುಚ್ಚಿದರೆ 118! ಅವಳು ಸೆನ್ಸರ್ ಇದ್ದ ಮಗ್ಗುಲಿಗೇ ಮಲಗಿದ್ದಳು. ಅದು ಅಳೆಯೋದು ಚರ್ಮದಡಿಯ ದ್ರವವನ್ನು, ಒತ್ತಿದರೆ ಸುಳ್ಳು ಹೇಳುತ್ತದೆ. ಆದರೆ ನಾಲ್ಕನೇ ರಾತ್ರಿ ಮೂರು ಗಂಟೆಗೆ 63 ಬಂದಾಗ ಮೀಟರಿನಲ್ಲೂ 70. ಸಂಜೆಯ ಡೋಸ್ ಜಾಸ್ತಿಯಾಗಿತ್ತು, ಡಾಕ್ಟರ್ ಒಂದು ಯೂನಿಟ್ ಇಳಿಸಿದರು. ಬರೀ ಬೆಳಿಗ್ಗೆ ಸಂಜೆ ಕಿವಿ ಚುಚ್ಚಿಕೊಂಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಒಂಬತ್ತನೇ ದಿನ ಕಾಫಿ ಗಿಡಕ್ಕೆ ಮೈ ಉಜ್ಜಿ ಅದನ್ನು ಕಿತ್ತುಹಾಕಿದಳು.

ದುಡ್ಡು ಬಿಗಿ ಇದ್ದರೆ ಮನುಷ್ಯರ ಮೀಟರೇ ಸಾಕು, ಆದರೆ ಅದೊಂದನ್ನೇ ಬಳಸಿ, ಯಾವುದರಲ್ಲಿ ನೋಡಿದ್ದೆಂದು ಡಾಕ್ಟರ್‌ಗೆ ಹೇಳಿ. ನಾನು ಪ್ರಾಣಿಗಳ ಮೀಟರಿಗೆ ನಿಂತಿದ್ದೇನೆ. ಡೋಸ್ ಬದಲಾದಾಗ ಮಾತ್ರ ಒಂದು ಸೆನ್ಸರ್. ದಿನದ ಬಹುಪಾಲು 100ರಿಂದ 250ರೊಳಗೆ ಇದ್ದರೆ ಸಾಕು ಎಂದಿದ್ದಾರೆ ಡಾಕ್ಟರ್.

ಅಮ್ಮನ ಮೀಟರ್ ಅಮ್ಮನಿಗೇ ವಾಪಸ್ ಹೋಗಿದೆ. ಬೆಳಿಗ್ಗೆ ಇಬ್ಬರದ್ದೂ ಜೊತೆಗೇ ನೋಡುತ್ತೇವೆ. ಮೊನ್ನೆ ಅಮ್ಮ 164, ಚಿನ್ನಿ 171. ಕೋಳಿ ತುಂಡು ಸಿಕ್ಕಿದ್ದು ಚಿನ್ನಿಗೆ ಮಾತ್ರ.